ಅತ್ತೆಯ ಸುತ್ತು, ಮಾವನ ಕಿವಿ

ನಮ್ಮ ಅತ್ತೆಗೆ ಸಿಟ್ಟು ಬಂದರೆ ಅಡುಗೆಮನೆಯ ಪಾತ್ರೆಗಳಿಗೆ ಏನೂ ತೊಂದರೆಯಿಲ್ಲ. ಅವರು ನೇರವಾಗಿ ಅಂಗಡಿಗೆ ಹೋಗಿ, ಸುಟ್ಟ ಮೋಟಾರೊಂದನ್ನು ಮುಂದೆ ಎಳೆದುಕೊಂಡು, ಉಳಿ ಸುತ್ತಿಗೆ ಹಿಡಿದು ಅದರ ಹಳೆಯ ತಾಮ್ರದ ಸುರುಳಿಗಳನ್ನು ಕಡಿದು ಕಿತ್ತುಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಸಿಟ್ಟೂ ಇಳಿದಿರುತ್ತದೆ, ಕೆಲಸವೂ ಮುಗಿದಿರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ನಾನು ಅಡುಗೆಮನೆಗೆ ಓಡಿಹೋಗಿದ್ದೆ. ಈಗ ಕೆಲಸ ಬಾಕಿ ಬಿದ್ದಾಗ ನಾನೇ ಬೇಕೆಂದು ಅವರನ್ನು ಒಂದಿಷ್ಟು ಕೆಣಕುತ್ತೇನೆ.

ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವುದು. ಬೀದಿಗೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಒಂದು ಜಗಲಿ. ಪಂಪು, ಫ್ಯಾನು, ಮಿಕ್ಸರ್, ಮರದ ಮಿಲ್ಲಿನ ಮೋಟಾರು, ಏನು ಸುಟ್ಟರೂ ಇಲ್ಲಿಗೇ ಬರುತ್ತದೆ. ನನ್ನ ಗಂಡ ಲಾರಿ ಓಡಿಸುವವರು, ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಾರೆ. ಹಾಗಾಗಿ ಅಂಗಡಿಗೆ ಬಂದವರ ಜೊತೆ ಮಾತಾಡುವುದು, ಸುತ್ತಿದ ಸುರುಳಿಗೆ ವಾರ್ನಿಷ್ ಹಾಕಿ ಒಣಗಿಸುವುದು ನನ್ನ ಪಾಲು. ನನ್ನ ಸೀರೆಗಳೆಲ್ಲ ವಾರ್ನಿಷ್ ವಾಸನೆ ಹೊಡೆಯುತ್ತವೆ, ತವರಿನವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ.

ಅತ್ತೆ ಹುಡುಗಿಯಾಗಿದ್ದಾಗ ಒಂದು ಫ್ಯಾನ್ ಕಾರ್ಖಾನೆಯಲ್ಲಿ ಸುರುಳಿ ಸುತ್ತುವ ಕೆಲಸಕ್ಕೆ ಸೇರಿದ್ದರು. ಮಾವ ಅದೇ ಕಾರ್ಖಾನೆಯ ಪರೀಕ್ಷೆಯ ವಿಭಾಗದಲ್ಲಿದ್ದರು. ಒಂದು ಕಬ್ಬಿಣದ ಸ್ಟೂಲಿನ ಮೇಲೆ ಕೂತು, ತಿರುಗುವ ಫ್ಯಾನುಗಳಿಗೆ ಕಿವಿಗೊಟ್ಟು, ಸರಿಯಿಲ್ಲದ್ದನ್ನು ಪಕ್ಕಕ್ಕೆ ಸರಿಸುವುದು ಅವರ ಕೆಲಸ. ಒಂದು ದಿನ ಅತ್ತೆ ಸುತ್ತಿದ ಫ್ಯಾನನ್ನು ಮಾವ ವಾಪಸು ಕಳಿಸಿದರಂತೆ. ಒಂದು ಸುರುಳಿಯಲ್ಲಿ ಸುತ್ತು ಕಡಿಮೆಯಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ ಎಂದು ಹೇಳಿ ಕಳಿಸಿದ್ದರು. ಅತ್ತೆ ಫ್ಯಾನನ್ನು ಕಂಕುಳಲ್ಲಿಟ್ಟುಕೊಂಡು ಜಗಳಕ್ಕೇ ಹೋದರು. ಎಲ್ಲರೆದುರು ಸುರುಳಿ ಬಿಚ್ಚಿ ಎಣಿಸಿದರು. ನಿಜವಾಗಿಯೂ ಕಡಿಮೆಯಿತ್ತು! ಆ ಜಗಳ ಇನ್ನೂ ಮುಗಿದಿಲ್ಲ, ನಡುವೆ ಮದುವೆಯಾಯಿತು ಅಷ್ಟೇ ಎನ್ನುತ್ತಾರೆ ಅತ್ತೆ. ಅಂದಿನಿಂದ ಅವರು ಬಾಯಿ ಬಿಟ್ಟು ಎಣಿಸಿಕೊಂಡೇ ಸುತ್ತುತ್ತಾರೆ. ಕಾರ್ಖಾನೆ ಮುಚ್ಚಿದಾಗ ಮಾವ ಆ ಸ್ಟೂಲನ್ನು ಕೇಳಿ ಪಡೆದು ತಂದರು. ಇಬ್ಬರೂ ಸೇರಿ ಈ ಅಂಗಡಿ ತೆರೆದರು. ಸುತ್ತುವುದು ಅತ್ತೆಯ ಕೈ, ಒಪ್ಪುವುದು ಮಾವನ ಕಿವಿ.

ನಾನು ಬಂದ ವಾರದಲ್ಲೇ ಅತ್ತೆ ನನ್ನನ್ನು ಬೆಂಚಿನ ಮುಂದೆ ಕೂರಿಸಿ ಪಾಠ ಶುರುಮಾಡಿದ್ದರು. ನಡುವೆ ಟೊಳ್ಳಾದ ಒಂದು ತಂತಿ ಸುರುಳಿ, ಅದರ ಎರಡು ತುದಿಗೆ ಮುಳ್ಳಿನ ಮೀಟರು, ನನ್ನ ಕೈಗೆ ಒಂದು ಅಯಸ್ಕಾಂತ.

"ಒಳಗೆ ಇಡು. ಮುಳ್ಳು ಎಲ್ಲಿದೆ?"

"ಸೊನ್ನೇಲೇ ಇದೆ ಅತ್ತೆ."

"ಈಗ ಆಡಿಸು."

ಆಡಿಸಿದೆ. ಮುಳ್ಳು ಆ ಕಡೆ ಈ ಕಡೆ ಹಾರಿತು. ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ, ಅಯಸ್ಕಾಂತ ತಂತಿಯನ್ನು ಮುಟ್ಟಿಯೂ ಇಲ್ಲ.

"ನೋಡ್ದಾ? ಸುಮ್ನೆ ಕೂತ್ರೆ ಏನೂ ಹುಟ್ಟಲ್ಲ. ಅಲ್ಲಾಡ್ತಿದ್ರೇನೇ ಕರೆಂಟು," ಎಂದರು ಅತ್ತೆ. ಆಮೇಲೆ ಒಂದು ಮೋಟಾರಿನ ಹೊಟ್ಟೆ ತೋರಿಸಿದರು. ಹೊರಗಿನ ಸುರುಳಿಗಳಿಗೆ ಮಾತ್ರ ಕರೆಂಟಿನ ತಂತಿ ಬರುತ್ತದೆ. ನಡುವೆ ತಿರುಗುವ ರೋಟರಿಗೆ ಒಂದು ಎಳೆಯೂ ಹೋಗುವುದಿಲ್ಲ. ಸುರುಳಿಗಳ ಕರೆಂಟು ಕ್ಷಣಕ್ಷಣಕ್ಕೂ ಹಿಂದೆ ಮುಂದೆ ಆಗುತ್ತಿರುವುದರಿಂದ ಒಳಗಡೆ ಅಯಸ್ಕಾಂತದ ಬಲ ಸುತ್ತುತ್ತಿರುತ್ತದೆ, ಅದಕ್ಕೆ ಸಿಕ್ಕಿ ರೋಟರಿನ ಕಂಬಿಗಳಲ್ಲಿ ತಾನಾಗಿಯೇ ಕರೆಂಟು ಹುಟ್ಟುತ್ತದೆ, ರೋಟರ್ ತಿರುಗುತ್ತದೆ. ಮುಟ್ಟದೆಯೇ ಕುಣಿಸುವ ಈ ವಿದ್ಯೆ ನನ್ನ ಗಂಡನ ಮೇಲೆ ನಡೆಯುತ್ತದಾ ಎಂದು ಕೇಳಿದ್ದಕ್ಕೆ ಅತ್ತೆ ಬಿದ್ದು ಬಿದ್ದು ನಕ್ಕಿದ್ದರು. ಆವತ್ತೇ ನಮ್ಮಿಬ್ಬರಿಗೆ ಸರಿಹೋಯಿತು.

ಮಾವನ ಕಿವಿ ಮಂದವಾದದ್ದು ನಿಧಾನವಾಗಿ. ಮೊದಲು ಕದ ಬಡಿದದ್ದು ಕೇಳಿಸಲಿಲ್ಲ, ಆಮೇಲೆ ನಾನು ಕರೆದದ್ದು. ಆದರೂ ಮೋಟಾರಿನ ವಿಷಯದಲ್ಲಿ ಅವರ ಮಾತೇ ಕೊನೆ. ಹೀಗಿರುವಾಗ ಹಿಟ್ಟಿನ ಗಿರಣಿಯವನ ಹಳೆಯ ದೊಡ್ಡ ಮೋಟಾರು ಸುಟ್ಟು ಬಂತು. ಅತ್ತೆ ಸುತ್ತಿದರು, ಮಾವ ಕಿವಿಗೊಟ್ಟು "ಸರಿ ಇದೆ, ಕಳಿಸು" ಎಂದರು. ಕೆಲವೇ ದಿನಗಳಲ್ಲಿ ಮೋಟಾರು ಮತ್ತೆ ಸುಟ್ಟು ವಾಪಸು ಬಂತು.

ಯಾರೂ ಮಾವನನ್ನು ದೂರಲಿಲ್ಲ. ಗಿರಣಿಯವನು ಕೂಡ ಒಳ್ಳೆಯವನು, "ಹೋಗ್ಲಿ ಬಿಡಿ ಯಜಮಾನ್ರೇ" ಎಂದ. ಅದೇ ಹೆಚ್ಚಾಯಿತು. ಮಾವ ಸಂಜೆ ಸ್ಟೂಲನ್ನು ಎತ್ತಿಕೊಂಡು, ಅಂಗಡಿ ದಾಟಿ, ಮನೆ ದಾಟಿ, ಹಿಂದಿನ ಜಗಲಿಯಲ್ಲಿ ಇಟ್ಟುಕೊಂಡು ಕೂತರು. ಮರುದಿನ ಅಂಗಡಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. "ಇನ್ನು ನಾನು ದಂಡ" ಎಂದಷ್ಟೇ ಹೇಳಿದರು. ಪರೀಕ್ಷೆಯ ಬೆಂಚಿನ ಪಕ್ಕ, ಸ್ಟೂಲಿನ ಕಾಲು ಊರಿ ಊರಿ ಸವೆದ ನೆಲದಲ್ಲಿ ಸಣ್ಣ ಗುಳಿಗಳು ಮಾತ್ರ ಉಳಿದವು. ನಾನು ಗುಡಿಸುವಾಗ ಅಲ್ಲಿ ಪೆಟ್ಟಿಗೆ ಇಡಲು ಹೋದರೆ ಅತ್ತೆ ಬಿಡುತ್ತಿರಲಿಲ್ಲ.

"ಅದು ಅವರ ಜಾಗ. ಸ್ಟೂಲು ಇಲ್ಲಿಗೇ ಬರ್ಬೇಕು," ಎನ್ನುತ್ತಿದ್ದರು.

ಮಾವ ಇಲ್ಲದ ಅಂಗಡಿಯಲ್ಲಿ ಅತ್ತೆ ಸುತ್ತುತ್ತಾ ತಮ್ಮಷ್ಟಕ್ಕೆ ಮಾತಾಡುವುದನ್ನು ಕಲಿತರು. ಎಣಿಕೆಯ ನಡುವೆ ಮಾವನಿಗೆ ಬೈಗುಳ ಸೇರಿಸುವುದು. ಎದುರಿಗೆ 'ರೀ', 'ನೀವು'. ಬೆನ್ನ ಹಿಂದೆ 'ಮುದುಕ'. "ಹನ್ನೊಂದು, ಹನ್ನೆರಡು, ಈ ಮುದುಕನಿಗೆ ಏನು ಬಂದಿದೆ ರೋಗ, ಹದಿಮೂರು..." ಹೇಗೂ ಕೇಳಿಸುವುದಿಲ್ಲವಲ್ಲ! ಆ ಬೈಗುಳದಲ್ಲಿ ಎಷ್ಟು ಒಂಟಿತನ ಇತ್ತೆಂಬುದು ನನಗೆ ಗೊತ್ತು. ನನಗೂ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು.

ಕಿವಿಗೆ ಮೆಷಿನು ಕೊಡಿಸಿದೆವು. ಮಾವ ಅದನ್ನು ಹಾಕಿಕೊಂಡು ಒಂದು ಸಲ ಅಂಗಡಿಗೆ ಬಂದರು. ಸುತ್ತಿಗೆ, ಗ್ರೈಂಡರು, ಬೀದಿಯ ಹಾರ್ನು, ಎಲ್ಲ ಒಟ್ಟಿಗೆ ನುಗ್ಗಿದ್ದೇ ಮಾವ ಮುಖ ಕಿವುಚಿಕೊಂಡು ಓಡಿಹೋದರು. ಮೆಷಿನು ಮೇಜಿನ ಖಾನೆಯಲ್ಲಿ ಸತ್ತ ಟಾರ್ಚಿನ ಪಕ್ಕ ಮಲಗಿತು. ಕಿವಿ ಪರೀಕ್ಷೆ ಮಾಡುವ ಹುಡುಗಿಯ ಹತ್ತಿರ ಅತ್ತೆ ದೂರು ಹೇಳಲು ಹೋದಾಗ ನಾನೂ ಜೊತೆಗಿದ್ದೆ.

"ಇದರೊಳಗೆ ಒಂದು ಚಿಕ್ಕ ಕಾಯಿಲ್, ಅಂದ್ರೆ ತಂತಿ ಸುರುಳಿ, ಇದೆ ಅಮ್ಮ," ಎಂದಳು ಆ ಹುಡುಗಿ. "ಈ ಗುಂಡಿ ಒತ್ತಿದ್ರೆ ಹೊರಗಿನ ಸದ್ದು ನಿಲ್ಲತ್ತೆ, ಕಾಯಿಲ್ ಮಾತ್ರ ಕೇಳಿಸ್ಕೊಳತ್ತೆ. ಕೆಲವು ಸಭಾಂಗಣದಲ್ಲಿ ಗೋಡೆ ಸುತ್ತ ತಂತಿ ಎಳೆದು ಮೈಕಿನ ಮಾತು ಅದರಲ್ಲಿ ಹರಿಸ್ತಾರೆ. ಆ ಮಾತು ಸೀದಾ ಈ ಕಾಯಿಲ್‌ಗೆ ಬರತ್ತೆ. ನಡುವೆ ತಂತಿ ಬೇಕಾಗಿಲ್ಲ."

ಅತ್ತೆಯ ಕಿವಿ ನಿಮಿರಿತು. ಮೆಷಿನನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ಚಿಕ್ಕದ್ರೊಳಗೆ ಕಾಯಿಲ್ಲಾ? ಯಾರಮ್ಮ ಸುತ್ತಿದ್ದು?"

"ಅದನ್ನ ಮೆಷಿನ್ನೇ ಸುತ್ತತ್ತೆ ಅಮ್ಮ."

"ಹಾಗನ್ನು ಮತ್ತೆ," ಎಂದು ಅತ್ತೆ ನಿರಾಳವಾಗಿ ಉಸಿರು ಬಿಟ್ಟರು. ಯಾರೋ ತಮಗಿಂತ ಚೆನ್ನಾಗಿ ಸುತ್ತುವವರಿದ್ದಾರೆಂಬ ಹೊಟ್ಟೆಕಿಚ್ಚು, ಮತ್ತೇನಲ್ಲ.

ದಾರಿಯುದ್ದಕ್ಕೂ ನನ್ನ ತಲೆ ತಿಂದರು. ಅದು ನಮ್ಮ ಮೋಟಾರಿನ ಕಥೆಯೇ ಅಲ್ಲವೇ? ಗೋಡೆಯ ತಂತಿ ಹೊರಗಿನ ಸುರುಳಿ, ಮಾವನ ಕಿವಿಯೊಳಗಿನದು ರೋಟರು. ಮಾತಿಗೆ ತಕ್ಕಂತೆ ಕರೆಂಟು ಕುಣಿದರೆ ಅಲ್ಲಿಯೂ ಕುಣಿಯಲೇಬೇಕು. ಮೈಕ್ ಸೆಟ್ಟಿನವನ ಅಂಗಡಿಯಿಂದ ಒಂದು ಮೈಕು ಮತ್ತು ಆಂಪ್ಲಿಫೈಯರ್ ತಂದರು. ಅಂಗಡಿಯ ಗೋಡೆಗೆ ಮೊಳೆ ಹೊಡೆದು ತಂತಿ ಸುತ್ತಲು ಶುರುಮಾಡಿದರು. ಇಲ್ಲೇ ನೋಡಿ ಅವರು ಎಡವಿದ್ದು. ಜನ್ಮವಿಡೀ ಮೋಟಾರು ಸುತ್ತಿದವರಿಗೆ ಸುತ್ತು ಹೆಚ್ಚಾದಷ್ಟೂ ಬಲ ಹೆಚ್ಚು. ಕೈಗೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು. ಏಣಿ ಹಿಡಿದುಕೊಂಡು ಅವರ ಹಿಂದೆ ಗೋಡೆ ಸುತ್ತಿ ಸುತ್ತಿ ನನಗೆ ತಲೆ ತಿರುಗಿತು. ಕೊನೆಗೆ ಗೋಡೆಗೆ ತಾಮ್ರದ ಒಡ್ಯಾಣ ತೊಡಿಸಿದ ಹಾಗಿತ್ತು.

ಸಂಜೆ ಕೆಲಸ ನಿಂತ ಮೇಲೆ ಮಾವನನ್ನು ಕೈ ಹಿಡಿದು ಕರೆತಂದು, ಕಿವಿಗೆ ಮೆಷಿನು ಹಾಕಿಸಿ ಆ ಗುಂಡಿ ಒತ್ತಿ, ಬೆಂಚಿನ ಪಕ್ಕ ನಿಲ್ಲಿಸಿದೆವು. ಅತ್ತೆ ಮೈಕಿನಲ್ಲಿ "ರೀ, ಕೇಳಿಸ್ತಾ?" ಎಂದರು.

"ಮಡಕೆಯೊಳಗೆ ಕೂತು ಮಾತಾಡಿದ ಹಾಗಿದೆ," ಎಂದರು ಮಾವ.

ಅತ್ತೆ ನಾಲಿಗೆ ಕಚ್ಚಿಕೊಂಡರು. ಸುತ್ತು ಹೆಚ್ಚಾದರೆ ತಂತಿ ಬೇಗಬೇಗ ಬದಲಾಗುವ ಕರೆಂಟನ್ನು ತಡೆಯುತ್ತದೆ, ಮಾತಿನ ಚೂಪಾದ ಅಕ್ಷರಗಳೆಲ್ಲ ಅಲ್ಲೇ ಸಾಯುತ್ತವೆ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಉತ್ಸಾಹದಲ್ಲಿ ಮರೆತಿದ್ದರು. ಮುಖ ಊದಿಸಿಕೊಂಡು ಎಲ್ಲ ಬಿಚ್ಚಿದರು. ಒಂದೆರಡು ಸುತ್ತು ಮಾತ್ರ ಉಳಿಸಿ ಮರುದಿನ ಮತ್ತೆ ಮಾವನನ್ನು ಕರೆದರು.

"ಈಗ?"

ಮಾವ ತಲೆ ಓರೆ ಮಾಡಿ ನಿಂತರು. "ನಿನ್ನ ದನಿ ಎಲ್ಲೋ ದೂರದಲ್ಲಿದೆ. ಅದರ ಮೇಲೆ ಗುಂಯ್ ಅಂತ ಒಂದೇ ಸಮನೆ ಬರ್ತಿದೆ. ಬಿಡು, ಇದೆಲ್ಲ ಯಾಕೆ ನಿನಗೆ..." ಎಂದು ಬಾಗಿಲ ಕಡೆ ತಿರುಗಿದರು.

ಅತ್ತೆಯ ಮುಖ ಸಣ್ಣಗಾಯಿತು. ಆ ಗುಂಯ್ ಎಲ್ಲಿಂದ ಬಂತೆಂದು ಅವರಿಗೆ ಆಗಲೇ ಹೊಳೆದಿತ್ತು. ಅಂಗಡಿ ತುಂಬ ತಿರುಗುತ್ತಿರುವ ಮೋಟಾರುಗಳ ಸುರುಳಿಗಳು, ಅವುಗಳ ಬಲ ಹೊರಗೂ ಸೋರುತ್ತದೆ. ಕಿವಿಯ ಕಾಯಿಲ್ಲಿಗೆ ಇದು ಹೆಂಡತಿಯ ಮಾತು, ಅದು ಮೋಟಾರಿನ ಮಾತು ಎಂಬ ಭೇದ ಇಲ್ಲ. ಮೋಟಾರ್ ಅಂಗಡಿಯಲ್ಲಿ ಮೋಟಾರನ್ನು ನಿಲ್ಲಿಸಿ ಕೂರಲು ಆಗುತ್ತದೆಯೇ? ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಂಡೆ.

ಬಾಗಿಲಿಗೆ ಹೋಗುವ ದಾರಿಯಲ್ಲಿ ಗಿರಣಿಯವನ ಮೋಟಾರು ಬೆಂಚಿನ ಮೇಲಿತ್ತು. ಅತ್ತೆ ಅದನ್ನು ಮತ್ತೆ ಹೊಸದಾಗಿ ಸುತ್ತಿದ್ದರು, ಆದರೂ ಯಾಕೋ ಬಿಸಿಯಾಗುತ್ತಿತ್ತು. ಹೊರೆ ಕೊಟ್ಟು ನೋಡೋಣವೆಂದು ಒಂದು ಭಾರದ ಹಳೆಯ ಫ್ಯಾನಿಗೆ ಜೋಡಿಸಿ ಓಡಬಿಟ್ಟಿದ್ದರು. ಮಾವ ಅದನ್ನು ದಾಟಿದವರು ನಿಂತರು. ಒಂದು ಹೆಜ್ಜೆ ಹಿಂದೆ ಬಂದರು. ಮತ್ತೆ ಬಗ್ಗಿ, ಮೆಷಿನು ಹಾಕಿದ ಕಿವಿಯನ್ನು ಮೋಟಾರಿನ ಹತ್ತಿರ ತಂದರು.

"ಇದು ಏದುಸಿರು ಬಿಡ್ತಿದೆ ಕಣೇ."

"ಏನಂದ್ರಿ?" ಎಂದರು ಅತ್ತೆ.

"ಬೇರೆಯವೆಲ್ಲ ಒಂದೇ ಸಮ ಗುಂಯ್ ಅಂತಿವೆ. ಇದು ಏರತ್ತೆ, ಇಳಿಯತ್ತೆ, ಏರತ್ತೆ, ಇಳಿಯತ್ತೆ." ಅವರ ಬೆರಳು ಬೆಂಚಿನ ಮೇಲೆ ಆ ಲಯವನ್ನು ತಟ್ಟುತ್ತಿತ್ತು. ನಮ್ಮ ಒಳ್ಳೆಯ ಕಿವಿಗಳಿಗೆ ಫ್ಯಾನಿನ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. "ನಿನ್ನ ಸುತ್ತು ಸರಿಯಾಗೇ ಇದೆ. ಆವಾಗ್ಲೂ ಸರಿಯಾಗೇ ಇತ್ತು. ರೋಟರ್ ಬಿಚ್ಚು."

ರೋಟರ್ ಹೊರಗೆ ಎಳೆದೆವು. ಅದರ ತಾಮ್ರದ ಕಂಬಿಗಳು ತುದಿಯ ಬಳೆಗೆ ಸೇರುವ ಜಾಗದಲ್ಲಿ ಒಂದು ಕಂಬಿಯ ಬೆಸುಗೆ ಬಿಟ್ಟಿತ್ತು. ಕೂದಲೆಳೆಯಷ್ಟು ಬಿರುಕು, ಸುತ್ತ ಕಪ್ಪಗೆ ಸುಟ್ಟ ಕಲೆ. ಆ ಕಂಬಿಯಲ್ಲಿ ಕರೆಂಟು ಹರಿಯದೆ ಮೋಟಾರು ಕುಂಟುತ್ತಿತ್ತು, ಬಿಸಿಯಾಗುತ್ತಿತ್ತು. ಮಾವ ಅದರ ಮೇಲೆ ಉಗುರು ಆಡಿಸಿದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ. ನನಗೆ ಎಷ್ಟು ಖುಷಿಯಾಯಿತೆಂದರೆ ವಾರ್ನಿಷ್ ಡಬ್ಬವನ್ನೇ ಒದ್ದು ಉರುಳಿಸಿಬಿಟ್ಟೆ.

"ಸೊಸೆ, ಜಗಲಿಯಿಂದ ನನ್ನ ಸ್ಟೂಲು ತಗೊಂಡು ಬಾ," ಎಂದರು ಮಾವ. ನೆಲದ ತುಂಬ ವಾರ್ನಿಷ್ ಹರಿಯುತ್ತಿತ್ತು, ಆದರೂ ಅತ್ತೆ ನನ್ನನ್ನು ಬೈಯಲಿಲ್ಲ.

ಸ್ಟೂಲು ತನ್ನ ಗುಳಿಗಳಲ್ಲಿ ಮತ್ತೆ ಕೂತಿತು. ಬಂದ ಮೋಟಾರುಗಳ ಮೇಲೆ ಮಾವ ಮೆಷಿನಿನ ಕಿವಿ ಬಗ್ಗಿಸಿ ತೀರ್ಪು ಕೊಡತೊಡಗಿದರು. ಗಿರಣಿಯವನು ತನ್ನ ಮೋಟಾರು ತಗೊಂಡು ಹೋಗುವಾಗ, "ಯಜಮಾನ್ರೇ, ನಮ್ಮ ಮನೆಯವಳ ಮನಸ್ಸಲ್ಲೇನಿದೆ ಅಂತಾನೂ ಈ ಮೆಷಿನ್ನಲ್ಲಿ ಕೇಳಿಸತ್ತಾ?" ಎಂದು ಮಾವನ ಕಿವಿಯ ಹತ್ತಿರ ಕೂಗಿದ. "ಹೊರೆ ಕೊಟ್ಟು ನೋಡ್ಬೇಕಪ್ಪಾ," ಎಂದರು ಮಾವ. ಅಂಗಡಿಯೆಲ್ಲ ನಕ್ಕಿತು.

ಆದರೆ ಗೋಡೆಯ ತಂತಿ ಹಾಗೇ ಇತ್ತು, ಮೈಕೂ ಅತ್ತೆಯ ಬೆಂಚಿನ ಮೇಲೆ ಹಾಗೇ ಉಳಿದಿತ್ತು. ಗದ್ದಲದಲ್ಲಿ ಉಪಯೋಗವಿಲ್ಲವೆಂದು ಅತ್ತೆ ಅದನ್ನು ಮರೆತೇಬಿಟ್ಟಿದ್ದರು. ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮೋಟಾರು ನಿಲ್ಲಿಸಿದ್ದೆವು. ಮಾವ ಅತ್ತೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಬೀದಿ ನೋಡುತ್ತಿದ್ದರು. ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ನೋಡಿದವಳು ನಾನೊಬ್ಬಳೇ, ನೋಡಿಯೂ ಸುಮ್ಮನಿದ್ದೆ. ಅತ್ತೆ ಒಂದು ಪಂಪಿನ ಸುರುಳಿ ಸುತ್ತುತ್ತಾ ಹಳೆಯ ಅಭ್ಯಾಸದಂತೆ ಗೊಣಗುತ್ತಿದ್ದರು.

"ಇಪ್ಪತ್ತು, ಇಪ್ಪತ್ತೊಂದು, ಬಂದು ಕೂತನಲ್ಲ ಈ ಮುದುಕ, ಇಪ್ಪತ್ತೆರಡು, ಅಷ್ಟೇ ಸಾಕು ನನಗೆ. ನೀನಿಲ್ದೆ ಈ ಅಂಗಡಿ ಅಂಗಡಿ ಥರಾನೇ ಇರ್ಲಿಲ್ಲ ಕಣೋ. ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಗಿತ್ತು. ಇಪ್ಪತ್ತೊಂದು, ಇಪ್ಪತ್ತೆರಡು..."

"ಇಪ್ಪತ್ತೆರಡು ಆಗ್ಲೇ ಆಯ್ತು," ಎಂದರು ಮಾವ, ಬೀದಿಯಿಂದ ಕಣ್ಣು ತೆಗೆಯದೆ. "ಮುಂದಕ್ಕೆ ಹೋಗು."

ಅತ್ತೆಯ ಕೈಯಲ್ಲಿದ್ದ ತಂತಿ ನಿಂತುಹೋಯಿತು. ಮೈಕನ್ನು ನೋಡಿದರು, ಕೆಂಪು ದೀಪವನ್ನು ನೋಡಿದರು, ನನ್ನನ್ನು ನುಂಗುವಂತೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ರೀ, ಯಾವ ಮಾತಿಂದ ಕೇಳಿಸ್ತು ನಿಮಗೆ?" ಎಂದರು.

"'ಮುದುಕ' ಅಂದಲ್ಲಿಂದ," ಎಂದರು ಮಾವ. ಅವರ ಭುಜ ನಗುವಿಗೆ ಕುಲುಕುತ್ತಿತ್ತು. ಕಣ್ಣು ಒರೆಸಿಕೊಂಡದ್ದು ನನಗೆ ಪಕ್ಕದಿಂದ ಕಂಡಿತು.

ಅತ್ತೆ ಮೈಕನ್ನು ಗೇಣುದ್ದ ಹತ್ತಿರಕ್ಕೆ ಎಳೆದುಕೊಂಡರು. ಸುತ್ತಿದ್ದಷ್ಟನ್ನೂ ಬಿಚ್ಚಿ, ತಂತಿಯನ್ನು ಬಿಗಿ ಮಾಡಿ, "ಒಂದು," ಎಂದು ಮೊದಲಿನಿಂದ ಶುರುಮಾಡಿದರು.