ಹಸಿವಿಗೆ ನಾವಿಟ್ಟ ಇನ್ನೊಂದು ಹೆಸರು

"ನಮ್ಮ ಮನೆಗೆ ಯಾರಾದರೂ ಸನ್ಯಾಸಿ ಬಂದು ಸೇರಿಕೊಂಡಿದ್ದಾನೇನೇ?"

ನಮ್ಮ ಯಜಮಾನರು ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ನಂಜನಗೂಡಿಗೆ ಹೋದಾಗ ಅವರೇ ಒಂದು ಡಜನ್ ವಿಭೂತಿ ಗಟ್ಟಿ ತಂದಿದ್ದರು. ವರ್ಷವಿಡೀ ಬರಬೇಕಾದ್ದು. ಆರು ವಾರದಲ್ಲಿ ದೇವರ ಗೂಡಿನಲ್ಲಿ ಎರಡೇ ಉಳಿದಿದ್ದವು.

"ಸನ್ಯಾಸಿ ಅಲ್ಲ, ಒಬ್ಬಳು ಭಕ್ತೆ" ಎಂದೆ. ಹೆಮ್ಮೆಯಿಂದಲೇ ಎಂದೆ.

ಆ ಭಕ್ತೆ ಚಿಕ್ಕತಾಯಿ. ನಮ್ಮ ಹಿಂದಿನ ಬೀದಿಯ ಬೋರಮ್ಮನ ಸೊಸೆ. ಮಳವಳ್ಳಿ ಕಡೆಯ ಹುಡುಗಿ, ಮದುವೆಯಾಗಿ ಮದ್ದೂರಿಗೆ ಬಂದು ಎರಡು ವರ್ಷವೂ ಆಗಿಲ್ಲ. ಬೋರಮ್ಮನದು ಗದ್ದೆ, ಕಬ್ಬು, ಎತ್ತು, ಎಮ್ಮೆ ಎಲ್ಲ ಇರುವ ಗಟ್ಟಿ ಮನೆ. ಅಲ್ಲಿಂದ ನಮ್ಮ ಮನೆಗೆ ದಿನಾ ಬೆಳಿಗ್ಗೆ ತಂಬಿಗೆಯಲ್ಲಿ ಹಾಲು ತರುವವಳು ಇವಳೇ. ಆರು ತಿಂಗಳ ಬಸುರಿ. ಹಾಲು ಅಳೆದು ಕೊಟ್ಟು, ನಾಲ್ಕು ದಿನಕ್ಕೊಮ್ಮೆ ಸೆರಗು ಒಡ್ಡಿ ನಿಲ್ಲುತ್ತಿದ್ದಳು. "ಅಮ್ಮಾವ್ರೇ, ಒಂಚೂರು ಇಬೂತಿ ಕೊಡಿ."

ಈಗಿನ ಕಾಲದ ಹುಡುಗಿಯರು ದೇವರ ಮನೆ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಗೊಣಗಿದ್ದೇನೆ! ನೀವೂ ತಲೆದೂಗಿ ಕಾಗದ ಬರೆದಿದ್ದೀರಿ. ಅಂಥದ್ದರಲ್ಲಿ ಒಬ್ಬಳು ಬಂದು ವಿಭೂತಿ ಬೇಡಿದರೆ ಚೂರು ಕೊಡುವ ಜಾತಿಯೇ ನಾನು? ಇಡೀ ಗಟ್ಟಿಯನ್ನೇ ಕೊಡುತ್ತಿದ್ದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಪೂಜೆಗೆ ಹೂವು ಬಿಡಿಸಲು ಹಿತ್ತಿಲಿಗೆ ಹೋದೆ. ಗೋಡೆಯ ಆ ಕಡೆಯಿಂದ ಕರುಂ ಕರುಂ ಎಂಬ ಸದ್ದು. ಇಣುಕಿದರೆ ಚಿಕ್ಕತಾಯಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ತುಟಿಯೆಲ್ಲಾ ಬೆಳ್ಳಗೆ. ಕಲ್ಲುಸಕ್ಕರೆ ಇರಬೇಕು ಅಂದುಕೊಂಡೆ. (ನನ್ನ ಬುದ್ಧಿ ಅಷ್ಟಕ್ಕೇ ಓಡಿತು.)

"ಏನೇ ಅದು ಬಾಯಲ್ಲಿ?"

"ಏನಿಲ್ಲ ಕಣಮ್ಮಾ."

"ಕೈ ತೆರೆ."

ಅಂಗೈಯಲ್ಲಿ ಅರ್ಧ ಕಚ್ಚಿದ ವಿಭೂತಿ ಗಟ್ಟಿ.

"ಬಯಕೆ ಕಣಮ್ಮಾವ್ರೇ. ಇಬೂತಿ ತಿಂದ್ರೆ ಕೂಸು ಬೆಳ್ಳಗಾಯ್ತದೆ ಅಂತ ಕೆರೆತಾವ ಎಂಗಸ್ರು ಯೇಳವ್ರೆ. ಅಲ್ಲಿ ಕೆಲವ್ರು ಸುಣ್ಣ ತಿಂತಾರೆ, ಕೆಲವ್ರು ಮಣ್ಣು ತಿಂತಾರೆ. ನಂದು ದೇವ್ರ ಪರ್ಸಾದ ಅಲ್ವಾ?"

ನಕ್ಕುಬಿಡುತ್ತಿದ್ದೆನೋ ಏನೋ. ಆದರೆ ಆವತ್ತು ಅವಳ ಮುಖವನ್ನು ಬೆಳಕಿನಲ್ಲಿ ನೋಡಿದೆ. ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಪಾದ ಊದಿ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ದಿನಾ ನೋಡುತ್ತಿದ್ದ ಹುಡುಗಿ! ನಾನು ನೋಡುತ್ತಿದ್ದದ್ದು ಅವಳು ಒಡ್ಡಿದ ಸೆರಗನ್ನು ಮಾತ್ರ.

"ಬೆಳಿಗ್ಗೆ ಏನು ತಿಂದೆ?"

"ಈಗ್ಲೇ ಎಲ್ಲಮ್ಮಾ? ಗಂಡಸ್ರು ಗದ್ದೆಯಿಂದ ಬಂದು ಉಂಡ್ಕಂಡು ಓಗ್ಬೇಕು. ಆಮ್ಯಾಕೆ ಅತ್ತೆಮ್ಮ. ಆಮ್ಯಾಕೆ ನಾನು."

ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಗದ್ದೆ ಕೆಲಸ ಮುಗಿಯುವುದೇ ಇಲ್ಲ. ಗಂಡಸರ ಊಟ ತಡವಾಯಿತು. ಅದರ ಹಿಂದೆ ಹೆಂಗಸರ ಊಟ ಇನ್ನೂ ತಡವಾಯಿತು. ಇದನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡರು?

"ಹೋಗಲಿ, ಉಣ್ಣುವಾಗಲಾದರೂ ಹೊಟ್ಟೆ ತುಂಬಾ ಉಣ್ಣುತ್ತೀಯಾ?"

"ಅರ್ಧ ಮುದ್ದೆ. ಜಾಸ್ತಿ ಉಂಡ್ರೆ ಕೂಸು ದಪ್ಪಾಗಿ ಎರಿಗೆ ಕಷ್ಟ ಆಯ್ತದಂತೆ."

"ಹಾಲು?"

ಚಿಕ್ಕತಾಯಿ ಕೈಯಲ್ಲಿದ್ದ ಖಾಲಿ ತಂಬಿಗೆಯನ್ನು ನೋಡಿದಳು. ನಾನೂ ನೋಡಿದೆ. ಅದರ ಹಾಲು ನಮ್ಮ ಒಲೆಯ ಮೇಲೆ ಕಾಯುತ್ತಿತ್ತು. ನನ್ನ ಕಾಫಿಗೆ.

"ಹಸಿವು ಅಂತ ಬಾಯಿ ಬಿಟ್ಟು ಕೇಳಬಾರದೇನೇ?"

"ಅಯ್ಯೋ, ಸೊಸೆಯಾದೋಳು ಅಸಿವು ಅಂದ್ರೆ ನಮ್ಮತ್ತೆಮ್ಮನ ಮಾನ ಏನಾದದು? ಬಯಕೆ ಅಂದ್ರೆ ಯಾರೂ ಬಯ್ಯಕಿಲ್ಲ ಕಣಮ್ಮ."

ನೋಡಿ, ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಹಸಿವು ಎಂದರೆ ದೂರು. ಬಯಕೆ ಎಂದರೆ ಶುಭ. ಒಂದನ್ನು ಕೇಳಿದರೆ ಮನೆಗೆ ಅವಮಾನ, ಇನ್ನೊಂದನ್ನು ಕೇಳಿದರೆ ಬೀದಿಯೇ ನಕ್ಕು ಕೊಡುತ್ತದೆ. ಹೀಗಿರುವಾಗ ಹುಡುಗಿ ಯಾವುದನ್ನು ಕೇಳಿಯಾಳು?

ಅವಳನ್ನು ಅದೇ ಗಳಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಮೈಯಲ್ಲಿ ರಕ್ತವೇ ಇಲ್ಲ. ಹೀಗೇ ಬಿಟ್ಟರೆ ಹೆರಿಗೆ ದಿನ ಇಬ್ಬರೂ ಉಳಿಯುತ್ತಾರೆ ಅನ್ನೋ ಧೈರ್ಯ ನನಗಿಲ್ಲ. ಟಾನಿಕ್ ಕೊಡ್ತೀನಿ. ಆದರೆ ಟಾನಿಕ್ ಅನ್ನ ಅಲ್ಲ."

ಬೋರಮ್ಮನನ್ನು ಬಯ್ಯುವುದು ಸುಲಭ. ನಾನೂ ಹುಡುಗಿಯನ್ನು ಕರೆದುಕೊಂಡು ಬಯ್ಯಲೆಂದೇ ಹೊರಟೆ. ದಾರಿಯಲ್ಲಿ ನನ್ನದೇ ನೆನಪಾಯಿತು. ಎರಡನೇ ಬಸುರಿನಲ್ಲಿ ಒಂದು ಸೋಮವಾರವೂ ಬಿಡದೆ ನೀರೂ ಮುಟ್ಟದೆ ಉಪವಾಸ ಮಾಡಿದವಳು ನಾನು. ಶಿವ ಕೇಳಿದ್ದನೇ? ಇಲ್ಲ. ನಮ್ಮತ್ತೆ ಬಂದವರ ಮುಂದೆಲ್ಲ "ನಮ್ಮ ಸೊಸೆ ಎಂಥ ನಿಷ್ಠೆ" ಎನ್ನುತ್ತಿದ್ದರು. ಆ ಹೊಗಳಿಕೆಗೆ ಹೊಟ್ಟೆ ಒಣಗಿಸಿದೆ. ಮಗು ಹಿಡಿಯಷ್ಟೇ ಇತ್ತು. ಬದುಕಿತು, ಅದು ಶಿವನ ಕರುಣೆ. ನನ್ನ ನಿಷ್ಠೆಯಿಂದಲ್ಲ.

ಬೋರಮ್ಮ ಒಲೆ ಮುಂದೆ ಮುದ್ದೆ ಕಟ್ಟುತ್ತಿದ್ದಳು. ಒಳ್ಳೆಯ ಹೆಂಗಸು. ನನಗೆ ಚಳಿಜ್ವರ ಬಂದಾಗ ವಾರವೆಲ್ಲ ಗಂಜಿ ಕಾಯಿಸಿ ತಂದವಳು.

"ಬೋರಮ್ಮ, ನಿನ್ನ ಸೊಸೆ ಬೂದಿ ತಿನ್ನುತ್ತಿದ್ದಾಳೆ."

"ಅಷ್ಟೇಯಾ? ಬಯಕೆ ತಗಳಿ ಅಮ್ಮಾವ್ರೇ!" ಎಂದು ನಕ್ಕಳು. "ನಾನು ಐದು ಮಕ್ಳು ಎತ್ತೋಳು. ಐದಕ್ಕೂ ಒಲೆ ಮಣ್ಣು ಕೆರ್ಕಂಡು ತಿಂದಿವ್ನಿ. ಒಲೆ ಮೆತ್ತಿ ಮೆತ್ತಿ ನಮ್ಮತ್ತೆ ಕೈ ಬಿದ್ದೋಯ್ತಿತ್ತು."

"ಐದರಲ್ಲಿ ಉಳಿದದ್ದು?"

ಕೇಳಬಾರದಿತ್ತು. ಆದರೂ ಕೇಳಿದೆ.

"ಎಲ್ಡು" ಎಂದಳು. ನಗು ನಿಂತಿತು.

"ಆಗ ನಿನಗೆ ಯಾರಾದರೂ ಹೊಟ್ಟೆ ತುಂಬಾ ಇಕ್ಕಿದ್ದರೇನಮ್ಮ?"

ಬೋರಮ್ಮ ಕೈಯಲ್ಲಿದ್ದ ಮುದ್ದೆಯನ್ನು ಸುಮ್ಮನೆ ಹೊರಳಿಸುತ್ತಾ ಕೂತಳು. ಹೊರಳಿಸಿದಳು, ಹೊರಳಿಸಿದಳು. "ಇಪ್ಪತ್ತು ಮುದ್ದೆ ನಾನೇ ಕಟ್ತಿದ್ದೆ ಕಣಮ್ಮಾ. ನನ್ಗೆ ಉಳೀತಿದ್ದುದ್ದು ತಳ ಕೆರೆದಿದ್ದು. ಮಣ್ಣಿನ ವಾಸ್ನೆ ಬಂದ್ರೆ ಸಾಕು, ಬಾಯಲ್ಲಿ ನೀರು ಬರೋದು." ಮುದ್ದೆ ಕೆಳಗಿಟ್ಟು ಕೇಳಿದಳು. "ಅದು ಅಸಿವಾ?"

ನರ್ಸಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

ಬೋರಮ್ಮ ಎದ್ದಳು. "ಚಿಕ್ಕತಾಯೀ, ಬಾರಮ್ಮೀ ಇಲ್ಲಿ. ತಟ್ಟೆ ಇಕ್ಕಂಡು ಕೂತ್ಕೊ."

ಹುಡುಗಿ ಬಾಗಿಲಲ್ಲೇ ನಿಂತಳು. ಜಗಲಿಯ ಮೇಲೆ ಮಾವ ಆಗತಾನೇ ಬಂದು ಕೂತಿದ್ದ. "ಏಯ್, ಉಣ್ಣಕ್ಕಿಕ್ಕು. ಎತ್ತು ಕಟ್ ಬಂದಿವ್ನಿ" ಎಂದು ಅಲ್ಲಿಂದಲೇ ಕೂಗಿದ.

"ತಡ್ಕಳಿ. ಬಸುರಿ ಉಣ್ತಾವ್ಳೆ."

"ಅವ್ಳು ಆಮ್ಯಾಕೆ ಉಣ್ಲಿ ಬುಡು."

"ನೀವೇ ಆಮ್ಯಾಕೆ ಉಣ್ಣಿ. ಕೂಸು ನಿಮ್ಮೊಟ್ಟೇಲದಾ?"

ಜಗಲಿಯ ಕಡೆಯಿಂದ ಕಾಲಿಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳಿಸಿತು. (ಜಗಳ ಎದ್ದರೆ ನಡುವೆ ನಿಲ್ಲಲು ನಾನು ಸೆರಗು ಬಿಗಿದಿದ್ದೆ. ಬೇಕಾಗಲಿಲ್ಲ.)

ಚಿಕ್ಕತಾಯಿಗೆ ಮೊದಲ ತುತ್ತು ಇಳಿಯಲಿಲ್ಲ. ಅಳು ಅಡ್ಡ ಬಂತು. ಎರಡನೆಯದು ಇಳಿಯಿತು. ಒಂದು ಮುದ್ದೆ ಮುಗಿಸಿ, ಬೆರಳು ನೆಕ್ಕಿ, ತಟ್ಟೆ ನೋಡುತ್ತಲೇ, "ಅತ್ತೆಮ್ಮಾ, ಇನ್ನೊಂಚೂರು ಸಾರು" ಎಂದಳು. ಆ ಮನೆಗೆ ಬಂದ ಮೇಲೆ ಅವಳು ತನಗಾಗಿ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು ಎಂದು ಬೋರಮ್ಮನೇ ನನಗೆ ಆಮೇಲೆ ಹೇಳಿದಳು, ಕಣ್ಣೊರೆಸಿಕೊಂಡು.

ಇದಾಗಿ ನಾಲ್ಕು ವಾರವಾಯಿತು. ಕಾಲಿನ ಊತ ಇಳಿದಿದೆ. ರೆಪ್ಪೆಯಲ್ಲಿ ಒಂದಿಷ್ಟು ಕೆಂಪು ಕಂಡಿತು ಎಂದು ನರ್ಸಮ್ಮ ಹೇಳಿದರು. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ. ನನ್ನ ಪ್ರಾರ್ಥನೆ ನಿಂತಿಲ್ಲ. ಆದರೆ ದೇವರು ಮಾಡುವ ಕೆಲಸವನ್ನಷ್ಟೇ ಅವನಿಗೆ ಬಿಟ್ಟಿದ್ದೇನೆ. ಇಕ್ಕುವ ಕೆಲಸ ನಮ್ಮದು.

ಈ ಪತ್ರಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಹನ್ನೊಂದು ಗಂಟೆಯಾದರೂ ಆಗಿರುತ್ತದೆ. ನಿಮ್ಮ ಮನೆಯ ಬಸುರಿಯ ಊಟ ಆಯಿತೇ?