ಸೋಫಾ ಬಿಟ್ಟು ಏಳ್ರೋ ಎಂದ ರುದ್ರೇಶಣ್ಣ

ಮೊನ್ನೆ ಕಡೂರಿನ ಬಸ್ ನಿಲ್ದಾಣದಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಯಾವುದೋ ಪ್ರಚಾರದ ಆಟೋದವನು ಮೈಕನ್ನು ಸ್ಪೀಕರಿನ ಎದುರಿಗೇ ಹಿಡಿದುಬಿಟ್ಟ. ಅದು ಕೀಂಯ್ ಎಂದು ಚೀರಿದ್ದೇ ತಡ, ಸುತ್ತಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ನಾನೊಬ್ಬಳು ನಗುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಸಖರಾಯಪಟ್ಟಣದ ಅಜ್ಜಿಯೊಬ್ಬರು, ‘ಕಿವಿ ಮಂದವೇನವ್ವಾ?’ ಎಂದು ಕನಿಕರದಿಂದ ಕೇಳಿದರು. ಮಂದವಲ್ಲ, ಪಳಗಿದೆ. ಪಳಗಿಸಿದವನು ಅಜ್ಜಂಪುರದ ರುದ್ರೇಶಣ್ಣ.

ನಮ್ಮ ಮೂರು ತಾಲ್ಲೂಕಿಗೂ ಅವನೊಬ್ಬನೇ ಪಂಕ್ ರಾಕ್ ಹಾಡುಗಾರ. ಪಂಕ್ ಅಂದರೇನು ಎಂದು ನೀವು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ಅವನು ಹೇಳುತ್ತಿದ್ದದ್ದು ಇಷ್ಟೇ: ‘ಗಿಟಾರ್ ಪೂರ್ತಿ ಕಲೀಬಾರ್ದು ತಂಗಿ, ಸಿಟ್ಟು ಪೂರ್ತಿ ಇರ್ಬೇಕು.’ ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟು ಕೇಳಿ ಹಾಳಾದೆ ಎಂದು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಮನೆಯವರದು ಈರುಳ್ಳಿ ಮಂಡಿ. ಮಠಕ್ಕೆ ನಡೆದುಕೊಳ್ಳುವ ಮರ್ಯಾದಸ್ಥ ಕುಟುಂಬ. ಅಂಥ ಮನೆಯ ಕಿರಿಮಗ ಮಂಡಿಯ ಹಿಂದುಗಡೆ ಈರುಳ್ಳಿ ಚೀಲಗಳ ನಡುವೆ ಕೂತು ಕಿರುಚುತ್ತಿದ್ದ. ಚೀಲಗಳಿದ್ದರೆ ಸದ್ದು ಬೀದಿಗೆ ಹೋಗುವುದಿಲ್ಲ ಎಂದುಕೊಂಡಿದ್ದ. ಹೋಗುತ್ತಿತ್ತು.

ಹೊಟ್ಟೆಪಾಡಿಗೆ ಅವನೊಂದು ಆರ್ಕೆಸ್ಟ್ರಾ ನಡೆಸುತ್ತಿದ್ದ; ಹಗಲು ಶಾಲೆಯಲ್ಲಿ ಟೀಚರಾಗಿದ್ದ ನಾನು ಸಂಜೆ ಅದರ ಹಾಡುಗಾರ್ತಿ. ಸಕ್ಕರೆ ದನಿ ಎಂದು ಎಲ್ಲರೂ ಹೊಗಳಿ ನನ್ನನ್ನು ಕೆಡಿಸಿದ್ದರು. ಕಾರ್ಯಕ್ರಮಕ್ಕೆ ಮುಂಚೆ ಶುಂಠಿ ಕಷಾಯ ಕುಡಿದು, ಕುತ್ತಿಗೆಗೆ ಶಾಲು ಸುತ್ತಿ, ಯಾರೊಡನೆಯೂ ಮಾತಾಡದೆ ಕೂರುತ್ತಿದ್ದೆ. ಆ ಠೀವಿ ನೆನೆದರೆ ಈಗ ನನಗೇ ನಗು ಬರುತ್ತದೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಒಂದು ಪದ್ಧತಿಯಿದೆ. ಮೊದಲು ಗಣಪನ ಹಾಡು, ಆಮೇಲೆ ಸಿನಿಮಾ ಹಾಡು. ವೇದಿಕೆಯ ಮುಂದೆ ಯಾರದೋ ಮನೆಯಿಂದ ಹೊತ್ತು ತಂದ ಸೋಫಾ. ಅದರಲ್ಲಿ ಊರಿನ ದೊಡ್ಡವರು ಕಾಲು ಚಾಚಿ ಕೂರುತ್ತಾರೆ. ಹೆಂಗಸರು, ಮುದುಕಿಯರು ಹಿಂದೆ ಕತ್ತು ಉದ್ದ ಮಾಡಿಕೊಂಡು ನಿಂತಿರುತ್ತಾರೆ. ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ರುದ್ರೇಶಣ್ಣನಿಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಸಿಂಗಟಗೆರೆಯಲ್ಲಿ ಒಂದು ಸಂಜೆ, ನನ್ನ ಗಣಪನ ಹಾಡು ಮುಗಿಯುತ್ತಲೇ ಮೈಕು ಕಿತ್ತುಕೊಂಡು, ಸೋಫಾದವರ ಮುಖಕ್ಕೇ ಬೆರಳು ತೋರಿಸಿ ಕಿರುಚಿದ: ‘ಸೋಫಾ ಬಿಟ್ಟು ಏಳ್ರೋ! ನಿಂತೋರೆಲ್ಲ ಕೂರ್ಲಿ, ಕೂತೋರೆಲ್ಲ ಏಳ್ಲಿ!’ ಹಾಡೆಂದರೆ ಅಷ್ಟೇ. ಅದನ್ನೇ ತಿರುತಿರುಗಿ, ಎರಡು ನಿಮಿಷ. ಸೋಫಾದವರು ಏಳಲಿಲ್ಲ, ನಮ್ಮನ್ನೇ ಎಬ್ಬಿಸಿ ಕಳಿಸಿದರು. ಆದರೆ ಹಿಂದೆ ನಿಂತಿದ್ದ ಹೆಂಗಸರು ಹೊಡೆದ ಚಪ್ಪಾಳೆಯಿದೆಯಲ್ಲ, ನನ್ನ ಸಕ್ಕರೆ ದನಿಗೆ ಜನ್ಮದಲ್ಲಿ ಬಿದ್ದಿರಲಿಲ್ಲ. ಅವತ್ತು ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅಭಿಮಾನವಾಯಿತು. ಅದು ಇನ್ನೂ ಇಳಿದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅವನು ದೇವರಾಗಿಬಿಡುತ್ತಾನೆ. ಅವನೇನೂ ದೇವರಲ್ಲ. ಕುಡಿಯುತ್ತಿದ್ದ. ಬರುತ್ತೇನೆಂದವನು ಬರುತ್ತಿರಲಿಲ್ಲ, ಬಂದರೆ ಜಗಳವಾಡದೆ ಹೋಗುತ್ತಿರಲಿಲ್ಲ. ಬಾಯಿ ಬಿಟ್ಟರೆ ಬೈಗುಳ. ಎಲ್ಲಕ್ಕಿಂತ ದೊಡ್ಡದು, ಅವನ ಹೆಂಡತಿ ಗಿರಿಜಕ್ಕನ ಹೊಲಿಗೆ ಮಷೀನು. ಆಕೆ ರವಿಕೆ ಹೊಲಿದು ಮನೆ ನಡೆಸುತ್ತಿದ್ದರು. ಒಂದು ದಿನ ಆಕೆ ತವರಿಗೆ ಹೋಗಿದ್ದಾಗ ಅದನ್ನು ಮಾರಿ, ದೊಡ್ಡ ಆಂಪ್ಲಿಫೈಯರ್ ತಂದುಬಿಟ್ಟ. ನಾವೆಲ್ಲ ಅದರ ಸದ್ದಿಗೆ ಕುಣಿದೆವು. ವಾಪಸು ಬಂದ ಗಿರಿಜಕ್ಕ ಬಟ್ಟೆ ಕಟ್ಟಿಕೊಂಡು ತರೀಕೆರೆಯ ತವರಿಗೆ ಹೋದವರು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಊರು ಮಾತ್ರ, ‘ಗಂಡನ್ನ ಬಿಟ್ಟು ಹೋದೋಳು’ ಎಂದು ಆಕೆಯನ್ನೇ ಆಡಿಕೊಂಡಿತು.

ಹೋದ ವರ್ಷ ರುದ್ರೇಶಣ್ಣ ತೀರಿಕೊಂಡ. ಅಜ್ಜಂಪುರದ ಸಮುದಾಯ ಭವನದಲ್ಲಿ ಶಿವಗಣಾರಾಧನೆ. ಬಾಗಿಲಲ್ಲಿ ಫ್ಲೆಕ್ಸ್ ನೋಡಿ ನಾನು ಬೇರೆ ಯಾರದೋ ಕಾರ್ಯಕ್ಕೆ ಬಂದೆನೇನೋ ಎಂದು ಹಿಂದೆ ಸರಿದೆ. ಹರಿದ ಬನಿಯನ್ನಿನಲ್ಲೇ ಬದುಕಿದವನಿಗೆ ಸ್ಟುಡಿಯೋದವನು ಕಂಪ್ಯೂಟರಿನಲ್ಲೇ ಕೋಟು ತೊಡಿಸಿದ್ದ, ವಿಭೂತಿ ಹಚ್ಚಿದ್ದ. ಕೆಳಗೆ ‘ಸರಳ ಸಜ್ಜನ, ಮೃದುಭಾಷಿ, ಆದರ್ಶ ಪತಿ’. ಎಲ್ಲರಿಗೂ ಹಾಕುವ ಸಾಲುಗಳೇ. ಫ್ಲೆಕ್ಸ್ ಅಂಗಡಿಯವನು ಹೆಸರೊಂದನ್ನು ಬದಲಾಯಿಸಿದ್ದ.

ನಾನು ನಗುತ್ತಿದ್ದೆ. ಆಗ ಹಿಂದಿನ ಕಂಬದ ಪಕ್ಕ ನಿಂತಿದ್ದ ಗಿರಿಜಕ್ಕ ಕಣ್ಣಿಗೆ ಬಿದ್ದರು. ಯಾರೂ ಕೂರಿ ಎಂದಿರಲಿಲ್ಲ. ನುಡಿನಮನ ಶುರುವಾಗಿತ್ತು. ಮುಂದಿನ ಸೋಫಾದಿಂದ ಎದ್ದ ಹಿರಿಯರೊಬ್ಬರು ಮೈಕಿನಲ್ಲಿ, ‘ಬಂಗಾರದಂಥ ಮನುಷ್ಯ. ಹೊಂದ್ಕೊಂಡು ಹೋಗೋ ಹೆಂಡ್ತಿ ಸಿಕ್ಕಿದ್ರೆ ಇನ್ನೂ ಬಾಳ್ತಿದ್ದ’ ಎಂದರು. ಗಿರಿಜಕ್ಕ ತಲೆ ತಗ್ಗಿಸಿದರು. ಅವನನ್ನು ಹೊಗಳಿದಷ್ಟೂ ಆಕೆ ತಪ್ಪಿತಸ್ಥರಾಗುತ್ತಿದ್ದರು. ಫ್ಲೆಕ್ಸಿನ ಸುಳ್ಳು ಆಗ ನನಗೆ ನಗುವ ವಿಷಯವಾಗಿ ಉಳಿಯಲಿಲ್ಲ.

ರುದ್ರೇಶಣ್ಣನ ಅಣ್ಣ ನನ್ನ ಬಳಿ ಬಂದು, ‘ಒಂದು ಭಕ್ತಿಗೀತೆ ಹಾಡಿ ಟೀಚರ್, ಎರಡು ಒಳ್ಳೆ ಮಾತಾಡಿ, ಸಾಕು’ ಎಂದರು. ಹೋಗಿ ನಿಂತೆ.

‘ರುದ್ರೇಶಣ್ಣ ಮೃದುಭಾಷಿ ಅಲ್ಲ’ ಎಂದೆ. ‘ಆದರ್ಶ ಪತಿ ಅಂತೂ ಅಲ್ವೇ ಅಲ್ಲ. ಗಿರಿಜಕ್ಕ ಅನ್ನ ದುಡೀತಿದ್ದ ಮಷೀನನ್ನ ಹೇಳ್ದೆ ಕೇಳ್ದೆ ಮಾರ್ಬಿಟ್ಟ. ಅವರು ಮನೆ ಬಿಟ್ಟಿದ್ದು ಸರಿ. ಆದ್ರೆ ಅವನ ಥರ ಹಾಡೋನು ಈ ಸೀಮೇಲಿ ಇನ್ನೊಬ್ಬ ಹುಟ್ಟಿಲ್ಲ. ಎರಡೂ ನಿಜ.’

ಅಣ್ಣ ಮೈಕಿಗೆ ಕೈ ಚಾಚಿದರು. ಅಷ್ಟರಲ್ಲಿ ಕಂಬದ ಕಡೆಯಿಂದ ದನಿ ಬಂತು: ‘ಬಿಡಿ ಭಾವ, ಅವ್ಳು ಹೇಳ್ಲಿ.’ ಗಿರಿಜಕ್ಕ ತಲೆ ಎತ್ತಿದ್ದರು. ‘ಅವನ ಹಾಡೇ ಹಾಡು ಕಣೇ. ಆ ಸೌಂಡು ಬಂದಿದ್ದು ನನ್ ಮಷೀನ್ ಮಾರಿ. ಅದ್ರಲ್ಲಿ ನಂದೂ ಪಾಲೈತೆ. ಜೋರಾಗ್ ಹಾಡು!’

ಹಾಡಿದೆ. ಕಷಾಯ ಇಲ್ಲ, ಶಾಲು ಇಲ್ಲ, ಗಂಟಲು ಸೀಳಿ ಹೋಗುವಂತೆ ‘ಸೋಫಾ ಬಿಟ್ಟು ಏಳ್ರೋ’ ಎಂದು ಕಿರುಚಿದೆ. ಮೊದಲು ಹಿಂದಿನ ಹೆಂಗಸರು ಚಪ್ಪಾಳೆ ತಟ್ಟಿದರು. ಆಮೇಲೆ ಬಡಿಸಲು ನಿಂತಿದ್ದವರು ಸೌಟಿನಿಂದ ಬಕೆಟ್ಟು ಬಾರಿಸಿದರು. ಎರಡನೇ ಸುತ್ತಿಗೆ ಇಡೀ ಭವನವೇ ಹಾಡುತ್ತಿತ್ತು. ‘ಬಂಗಾರದಂಥ ಮನುಷ್ಯ’ ಎಂದು ಹೇಳಿ ಮತ್ತೆ ಸೋಫಾದಲ್ಲಿ ಕೂತಿದ್ದ ಹಿರಿಯರು ಅತ್ತಿತ್ತ ನೋಡಿದರು, ಪಂಚೆ ಸರಿ ಮಾಡಿಕೊಂಡರು, ಎದ್ದರು. ಅಣ್ಣ ತಾವೇ ಹಿಂದಕ್ಕೆ ಹೋಗಿ, ‘ಬಾರವ್ವ, ಕೂತ್ಕೊ’ ಎಂದು ಕರೆದರು. ಗಿರಿಜಕ್ಕ ನಿಧಾನವಾಗಿ ನಡೆದು ಬಂದು ಸೋಫಾದ ನಡುಮಧ್ಯೆ ಕೂತರು. ಕಾಲನ್ನೂ ಒಂದಿಷ್ಟು ಚಾಚಿದರು. ಅಷ್ಟು ಸಂತೋಷ ನನಗೆ ಯಾವ ಹಾಡಿನಿಂದಲೂ ಆಗಿಲ್ಲ.

ಈಗಲೂ ಜನ ನನ್ನನ್ನು ಕೇಳುತ್ತಾರೆ, ‘ಆ ರುದ್ರೇಶ ಒಳ್ಳೇವ್ನಾ ಟೀಚರ್?’ ಎಂದು. ಮೊದಲೆಲ್ಲ ‘ಕಲಾವಿದರು ಅಂದ್ರೆ ಹಾಗೇ ಅಲ್ವಾ’ ಎಂದು ತೇಲಿಸಿಬಿಡುತ್ತಿದ್ದೆ. ಈಗ ‘ಅಲ್ಲ’ ಎನ್ನುತ್ತೇನೆ. ಆಮೇಲೆ ಬಸ್ಸಾಗಲಿ, ಬೀದಿಯಾಗಲಿ, ಎದುರಿಗೆ ಯಾರೇ ಇರಲಿ, ದನಿ ಎತ್ತಿ ಅವನ ಹಾಡು ಹಾಡುತ್ತೇನೆ.