ಮೌಲವಿ ಸಾಹೇಬರ ಕನ್ನಡ

ನಿಜಾಮರ ಕಾಲ. ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ಸೇರಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಯಾರು ತಡವರಿಸಿದರೂ ನಮ್ಮ ಮೌಲವಿ ಸಾಹೇಬರು ಗಡ್ಡ ನೀವಿಕೊಂಡು, "ಆಹಿಸ್ತಾ ಬೇಟಾ, ಆಹಿಸ್ತಾ" ಎಂದು ನಿಧಾನವಾಗಿ ಓದಲು ಹೇಳುತ್ತಿದ್ದರು.

ಮೊದಲ ವಾರ ನಾನು ಎದ್ದು ಓದಿದಾಗ ನನ್ನ ಹಳ್ಳಿಯ ಉರ್ದು ಕೇಳಿ ಶಹರದ ಹುಡುಗರು ಬಿದ್ದು ಬಿದ್ದು ನಕ್ಕರು. ತರಗತಿ ಮುಗಿದ ಮೇಲೆ ಸಾಹೇಬರೆದುರು ನಿಂತು, "ನಾ ಊರಿಗಿ ಹೋಗ್ತೀನ್ರಿ. ಇದು ನನ್ನಂಥವ್ರ ಜಾಗ ಅಲ್ರಿ" ಎಂದೆ.

"ನಾಳಿ ಒಂದಿನ ಬಾ. ಆಮ್ಯಾಲ ಹೋಗು" ಎಂದರು.

ಮರುದಿನ ಅವರು ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯತೊಡಗಿದರು. ಅಕ್ಷರಗಳು ಸೊಟ್ಟಗಾದವು; ಒಂದಂತೂ ತಲೆಕೆಳಗಾಗಿತ್ತು. ತರಗತಿ ಗೊಳ್ಳೆಂದಿತು. ಇಡೀ ಶಹರವೇ ಎದ್ದು ಸಲಾಂ ಮಾಡುತ್ತಿದ್ದ ಆ ವಿದ್ವಾಂಸರು ನಾಚಲಿಲ್ಲ, ಗದರಲೂ ಇಲ್ಲ. ನಾನು ಬೆರಗಾಗಿ ನೋಡುತ್ತಿದ್ದೆ.

"ನಗ್ರಿ. ಈ ಅಕ್ಷರದಾಗ ನಾನೂ ಹೊಸಬ" ಎಂದವರೇ ನನ್ನತ್ತ ತಿರುಗಿದರು. "ಬಾ ಬೇಟಾ, ತಿದ್ದು."

ಹಲಗೆಯ ಬಳಿ ಹೋಗಿ, ಅವರ ಕೈಮೇಲೆ ಕೈಯಿಟ್ಟು ಒಂದೊಂದೇ ಅಕ್ಷರ ಬರೆಸಿದೆ. ನಗು ನಿಂತಿತ್ತು. ಮರಳಿ ಬರುವಾಗ ಮುಂದಿನ ಸಾಲಿನ ಹುಡುಗನೊಬ್ಬ ಸರಿದು, ತನ್ನ ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟ.